ಹುತಾತ್ಮನ ಹೆಸರಿಗೆ ಪ್ರೂಫ್ ನೋಡುವವರು ಯಾರು?

ಗೆಳೆಯರೇ, ನಾನು ಲೇಖಕನಲ್ಲ. ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ, ತಿಥಿ ಕಾರ್ಡು, ಇದೇ ನನ್ನ ಸಾಹಿತ್ಯ. ಈ ಕಸುಬು ಕಲಿಸುವ ಮೊದಲನೇ ಪಾಠ ಒಂದೇ. ಬೇರೆ ಎಲ್ಲ ತಪ್ಪನ್ನೂ ಗಿರಾಕಿ ಕ್ಷಮಿಸುತ್ತಾನೆ. ಹೆಸರಿನ ತಪ್ಪನ್ನು ಕ್ಷಮಿಸುವುದಿಲ್ಲ.

ನಾನು ಈ ಪಾಠ ಕಲಿತದ್ದು 1999ರ ಜುಲೈನಲ್ಲಿ. ಕಾರ್ಗಿಲ್ ಯುದ್ಧ ಮುಗಿಯುತ್ತಾ ಬಂದಿತ್ತು. ಅಪ್ಪನ ಹತ್ತಿರ ಆಗ ಇದ್ದದ್ದು ಒಂದು ಟ್ರೆಡಲ್ ಮಷೀನು, ಕೆಲವು ಕೇಸು ಅಚ್ಚುಮೊಳೆ. ಒಂದು ಮಧ್ಯಾಹ್ನ ಮಂಡಿಯಲ್ಲಿ ಮೂಟೆ ಹೊರುವವರೊಬ್ಬರು ಬಂದರು. ಅವರ ಅಕ್ಕನ ಮಗ ಸೇನೆಯಲ್ಲಿದ್ದ. ಗಡಿಯಲ್ಲಿ ತೀರಿಕೊಂಡಿದ್ದ. ಊರಿನಲ್ಲಿ ಕಾರ್ಯಕ್ಕೆ ಇನ್ನೂರು ಕಾರ್ಡು ಬೇಕಾಗಿತ್ತು. ಕೈಯಲ್ಲಿ ಇಂಗ್ಲಿಷ್ ಪೇಪರಿನ ಒಂದು ಕಟಿಂಗ್. ಅಪ್ಪ ಊಟಕ್ಕೆ ಹೋಗಿದ್ದರು. ನಾನು ದೊಡ್ಡ ಮನುಷ್ಯನ ಹಾಗೆ ಕಟಿಂಗ್ ನೋಡಿದೆ, ಹೆಸರು ಓದಿಕೊಂಡೆ, ಮೊಳೆ ಜೋಡಿಸಿದೆ, ಸಂಜೆಯೊಳಗೆ ಇನ್ನೂರು ಕಾರ್ಡು ಹೊಡೆದು ಕಟ್ಟಿ ಕೊಟ್ಟೆ. ಅವರಿಗೆ ಓದಲು ಬರುತ್ತಿರಲಿಲ್ಲ. ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಮಾರನೇ ದಿನ ಅವರು ಕಟ್ಟು ಹಿಡಿದುಕೊಂಡು ವಾಪಸು ಬಂದರು. ಯಾರ ಕೈಯಲ್ಲೋ ಓದಿಸಿದ್ದರು. ಜಗಳ ಆಡಲಿಲ್ಲ, ಬೈಯಲಿಲ್ಲ. ಕಟ್ಟನ್ನು ಮೇಜಿನ ಮೇಲಿಟ್ಟು, ‘ಇದು ನಮ್ಮ ಹುಡುಗ ಅಲ್ಲ ಸಾಮಿ. ಇದ್ಯಾರೋ ಬೇರೆಯವರು’ ಅಂದರು.

ಅಪ್ಪ ಆ ಕಟ್ಟನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅವರನ್ನು ಕೂರಿಸಿ, ‘ಮನೇಲಿ ಅವನನ್ನ ಏನಂತ ಕೂಗ್ತಿದ್ರಣ್ಣಾ?’ ಎಂದು ಕೇಳಿದರು. ಅವರು ಹೇಳಿದರು. ಅಪ್ಪ ಇನ್ನೊಂದು ಸಲ ಹೇಳಿಸಿಕೊಂಡು, ತಾವೇ ನಿಂತು ಒಂದೊಂದೇ ಮೊಳೆ ಜೋಡಿಸಿದರು. ಎರಡನೇ ಸಲದ ಕಾರ್ಡಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಅವರು ಹೋದ ಮೇಲೆ ನನಗೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: ‘ಲೋ, ಬದುಕಿರೋನ ಹೆಸರು ತಪ್ಪು ಹೊಡೆದ್ರೆ ಅವನೇ ಬಂದು ಜಗಳ ಆಡ್ತಾನೆ. ಸತ್ತೋನು ಯಾರ ಹತ್ರ ಹೋಗಿ ತಿದ್ದಿಸ್ಕೋಬೇಕು?’

ಆ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನೆಯವರನ್ನು ಕೇಳದೆ ಒಂದು ಸಲ ಅಚ್ಚು ಮಾಡಿದ್ದೇ ಸಾಕು. ಆದರೆ ತಪ್ಪು ಹೇಗಾಯಿತು ಎಂದು ಹೇಳುತ್ತೇನೆ. ಎಂ, ಎ, ಎಲ್, ಎ, ಪಿ, ಪಿ, ಎ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಾರೆ ಅನ್ನಿ. ಅದು ಮಲ್ಲಪ್ಪನೋ, ಮಾಳಪ್ಪನೋ, ಮಾಲಪ್ಪನೋ? ಇಂಗ್ಲಿಷಿಗೆ ನಮ್ಮ ಳಕಾರ ಗೊತ್ತಿಲ್ಲ. ದೀರ್ಘ ಯಾವುದು, ಹ್ರಸ್ವ ಯಾವುದು ಎಂಬ ಗೊಡವೆ ಇಲ್ಲ. ಮಲ್ಲಪ್ಪನೇ ಬೇರೆ, ಮಾಳಪ್ಪನೇ ಬೇರೆ. ಅವರ ಮನೆದೇವರೇ ಬೇರೆ!

ದೆಹಲಿಯ ಕಲ್ಲು

ಈಗ ದೊಡ್ಡ ಮಾತಿಗೆ ಬರೋಣ. ದೇಶಕ್ಕಾಗಿ ಸತ್ತವರನ್ನು ದೇಶ ಹೇಗೆ ನೆನೆಯಬೇಕು?

ಬ್ರಿಟಿಷರು ತಮ್ಮ ಯುದ್ಧಗಳಲ್ಲಿ ಸತ್ತ ಭಾರತೀಯ ಸಿಪಾಯಿಗಳಿಗಾಗಿ ದೆಹಲಿಯಲ್ಲಿ ಇಂಡಿಯಾ ಗೇಟ್ ಕಟ್ಟಿದರು. 1931ರಲ್ಲಿ ಅದರ ಉದ್ಘಾಟನೆ ಆಯಿತು. ಹದಿಮೂರು ಸಾವಿರಕ್ಕೂ ಹೆಚ್ಚು ಹೆಸರು ಅದರ ಮೇಲಿದೆ. ಸ್ವಾತಂತ್ರ್ಯ ಬಂತು. 1947-48ರಲ್ಲಿ ಕಾಶ್ಮೀರ, 1962ರಲ್ಲಿ ಚೀನಾ, 1965, 1971, ಆಮೇಲೆ ಶ್ರೀಲಂಕಾ, ಸಿಯಾಚಿನ್, ಕಾರ್ಗಿಲ್. ಹುಡುಗರು ಸಾಯುತ್ತಲೇ ಇದ್ದರು. 1972ರ ಜನವರಿ 26ರಂದು ಅದೇ ಇಂಡಿಯಾ ಗೇಟಿನ ಕೆಳಗೆ ಅಮರ್ ಜವಾನ್ ಜ್ಯೋತಿ ಹಚ್ಚಿದರು. ಅಂದರೆ ಬ್ರಿಟಿಷರು ಕಟ್ಟಿದ ಕಮಾನಿನ ನೆರಳಲ್ಲೇ ನಮ್ಮ ದೀಪ. ಸ್ವತಂತ್ರ ಭಾರತದ ಸೈನಿಕರ ಹೆಸರುಗಳಿರುವ ರಾಷ್ಟ್ರೀಯ ಯುದ್ಧ ಸ್ಮಾರಕ ದೆಹಲಿಯಲ್ಲಿ ಉದ್ಘಾಟನೆಯಾದದ್ದು 2019ರ ಫೆಬ್ರವರಿ 25ರಂದು. ಎಪ್ಪತ್ತೊಂದು ವರ್ಷ ಬೇಕಾಯಿತು, ಸ್ವಾಮಿ! ಸುಮಾರು 40 ಎಕರೆ ಜಾಗ, ಗ್ರಾನೈಟ್ ಗೋಡೆಗಳು, ಉದ್ಘಾಟನೆಯ ಹೊತ್ತಿಗೆ 25,942 ಹೆಸರು. 2022ರ ಜನವರಿ 21ರಂದು ಇಂಡಿಯಾ ಗೇಟಿನ ಜ್ಯೋತಿಯನ್ನು ಇಲ್ಲಿನ ಜ್ಯೋತಿಯಲ್ಲಿ ಸೇರಿಸಿದರು.

ಒಳ್ಳೆಯ ಕೆಲಸ. ತಡವಾದರೂ ಆಯಿತಲ್ಲ. ಯಾವ ಸರ್ಕಾರ ಮಾಡಿತು, ಯಾವ ಸರ್ಕಾರ ಮಾಡಲಿಲ್ಲ ಎಂಬ ಜಗಳ ನನಗೆ ಬೇಡ. ನನ್ನದು ಪ್ರೆಸ್ಸಿನವನ ಪ್ರಶ್ನೆ. ಇಷ್ಟು ಹೆಸರು ಕೆತ್ತಿದ್ದೀರಲ್ಲ, ಪ್ರೂಫ್ ಯಾರಿಗೆ ತೋರಿಸಿದಿರಿ? ಆ ಹೆಸರು ಇಟ್ಟವರು ಅಪ್ಪ, ಅಮ್ಮ. ಸೇನೆಯ ದಾಖಲೆ ನಡೆಯುವುದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ಹಿಂದೆ ಭರ್ತಿಯ ದಿನ ಸಾಲಿನಲ್ಲಿ ನಿಂತ ಹದಿನೆಂಟರ ಹುಡುಗ ತನ್ನ ಹೆಸರು ಹೇಳುತ್ತಿದ್ದ. ಬರೆದುಕೊಳ್ಳುವವನು ಯಾವ ಸೀಮೆಯವನೋ, ಅವನ ಕಿವಿಗೆ ಕೇಳಿಸಿದ್ದನ್ನು ಬರೆಯುತ್ತಿದ್ದ. ಅಲ್ಲಿಂದ ಅದೇ ಅವನ ಹೆಸರು. ಪಗಾರದ ಚೀಟಿಯಲ್ಲಿ ಅದೇ, ಸತ್ತ ಸುದ್ದಿಯಲ್ಲಿ ಅದೇ, ಕೊನೆಗೆ ಕಲ್ಲಿನಲ್ಲೂ ಅದೇ.

2016ರ ಫೆಬ್ರವರಿ ನೆನಪಿದೆಯೇ? ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿ, ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಮಂದಿಯ ಮೇಲೆ ಹಿಮದ ಗೋಡೆ ಕುಸಿಯಿತು. ಆರನೇ ದಿನ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಜೀವಂತ ಹೊರತೆಗೆದರು. ಇಡೀ ದೇಶ ಕೈಮುಗಿದು ಕೂತಿತ್ತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಹೋದರು. ಆ ದಿನಗಳ ಇಂಗ್ಲಿಷ್ ಪತ್ರಿಕೆಗಳನ್ನು ತೆಗೆದು ನೋಡಿ. ಒಂದರಲ್ಲಿ ಹನುಮಂತಪ್ಪ, ಇನ್ನೊಂದರಲ್ಲಿ ಹನಮಂತಪ್ಪ. ಇಡೀ ದೇಶ ಪ್ರಾರ್ಥಿಸಿದ ಮನುಷ್ಯನ ಹೆಸರೇ ಹೀಗಾದರೆ, ಒಳಪುಟದಲ್ಲಿ ಎರಡು ಸಾಲಿನ ಸುದ್ದಿಯಾಗಿ ಹೋದವರ ಗತಿ ಏನು?

ಅದೇ ಹಿಮದ ಕೆಳಗೆ ನಮ್ಮವರು ಇನ್ನಿಬ್ಬರಿದ್ದರು. ಹಾಸನದ ತೇಜೂರಿನ ಸುಬೇದಾರ್ ನಾಗೇಶ. ಎಚ್.ಡಿ. ಕೋಟೆಯ ಸಿಪಾಯಿ ಮಹೇಶ. ಎಷ್ಟು ಜನಕ್ಕೆ ಈ ಎರಡು ಹೆಸರು ನೆನಪಿದೆ? ಎದೆ ಮುಟ್ಟಿಕೊಂಡು ಹೇಳಿ.

‘ಸೈನಿಕನಿಗೆ ಭಾಷೆ ಎಲ್ಲಿಂದ ಬಂತು?’

ಈಗ ಒಬ್ಬರು ಎದ್ದು ನಿಂತು ಹೇಳುತ್ತಾರೆ: ‘ನೋಡ್ರೀ, ಸೈನಿಕ ಅಂದರೆ ಭಾರತೀಯ. ಅವನಿಗೆ ಜಾತಿ ಇಲ್ಲ, ಭಾಷೆ ಇಲ್ಲ. ಇದರಲ್ಲೂ ಕನ್ನಡ ತರಬೇಡಿ.’

ತರುತ್ತೇನೆ. ಯಾಕೆಂದರೆ ಸೈನಿಕ ಭಾರತೀಯನೇ, ಆದರೆ ಅವನು ಆಕಾಶದಿಂದ ಉದುರಲಿಲ್ಲ. ಒಂದು ಊರಿನಿಂದ ಹೋದವನು. ಕನ್ನಡಿಗರಿಗೆ ಸೇನೆಯಲ್ಲಿ ತಮ್ಮ ಹೆಸರಿನ ರೆಜಿಮೆಂಟೇ ಇಲ್ಲ. ನಮ್ಮ ಹುಡುಗರು ಮದ್ರಾಸ್ ರೆಜಿಮೆಂಟಿನಲ್ಲಿದ್ದಾರೆ, ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದಾರೆ, ಬೆಂಗಳೂರಿನಲ್ಲೇ ಕೇಂದ್ರ ಇರುವ ಮದ್ರಾಸ್ ಎಂಜಿನಿಯರ್ಸ್‌ನಲ್ಲಿದ್ದಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆ ಪಲ್ಟನ್ನುಗಳ ಹೆಸರು ದೊಡ್ಡದು, ನಮ್ಮವರೂ ಅದನ್ನು ದೊಡ್ಡದು ಮಾಡಿದ್ದಾರೆ. ಆದರೆ ಪಲ್ಟನ್ನಿನ ಹೆಸರಿನಲ್ಲಿ ಅವನ ನಾಡು ಕಾಣುವುದಿಲ್ಲ ಅಂದ ಮೇಲೆ, ಅವನು ಎಲ್ಲಿಯವನು ಎಂದು ಹೇಳಲು ಉಳಿಯುವುದು ಎರಡೇ. ಅವನ ಹೆಸರು, ಅವನ ಊರು. ಅದನ್ನಾದರೂ ಸರಿಯಾಗಿ ಬರೆಯಿರಿ ಎಂದರೆ ಅದು ದೇಶದ್ರೋಹವೇ?

ಇದು ಕನ್ನಡಿಗರಿಗೆ ಮಾತ್ರ ಎಂದು ನಾನು ಕೇಳುತ್ತಿಲ್ಲ. ಪಂಜಾಬಿನ ಹುಡುಗನ ಹೆಸರು ಗುರುಮುಖಿಯಲ್ಲಿ ಇರಲಿ, ತಮಿಳು ಹುಡುಗನದು ತಮಿಳಿನಲ್ಲಿ, ಮಣಿಪುರದವನದು ಅವನ ಲಿಪಿಯಲ್ಲಿ. ದೇಶ ಎಂದರೆ ಇವರೆಲ್ಲ ಸೇರಿ ತಾನೇ? ಮಗನ ಹೆಸರು ಕೆತ್ತಿದ ಕಲ್ಲಿನ ಮುಂದೆ ನಿಂತ ತಾಯಿ ‘ಇದರಲ್ಲಿ ನನ್ನ ಮಗ ಎಲ್ಲಿದ್ದಾನಪ್ಪಾ?’ ಎಂದು ಪಕ್ಕದವರನ್ನು ಕೇಳುವ ಹಾಗಾದರೆ, ಆ ಕಲ್ಲು ಯಾರಿಗಾಗಿ?

ನಮ್ಮ ಹಿರಿಯರು ಮಾಡಿದ್ದೇನು?

ಸ್ಮಾರಕ ಎನ್ನುವುದನ್ನು ನಮಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ಕರ್ನಾಟಕದ ಹಳ್ಳಿ ಹಳ್ಳಿಯಲ್ಲಿ ವೀರಗಲ್ಲು ಇದೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಸ್ವರ್ಗ. ಯಾರು ಸತ್ತ, ಯಾವ ಊರಿಗಾಗಿ ಸತ್ತ, ಯಾರ ದನ ಬಿಡಿಸಲು ಹೋಗಿ ಸತ್ತ, ಎಲ್ಲ ಊರಿನ ನುಡಿಯಲ್ಲೇ ಬರೆದಿದ್ದಾರೆ.

ಬೆಂಗಳೂರಿನ ಹುಡುಗರೇ, ನಿಮ್ಮ ಊರಿನ ಹೆಸರು ಮೊದಲು ಸಿಕ್ಕಿದ್ದು ಎಲ್ಲಿ ಗೊತ್ತೇ? ರಾಜನ ಅರಮನೆಯ ಕಡತದಲ್ಲಲ್ಲ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಕಾಲದ ವೀರಗಲ್ಲಿನಲ್ಲಿ. ಬೆಂಗಳೂರಿನ ಕಾಳಗದಲ್ಲಿ ಸತ್ತವರನ್ನು ನೆನೆಯಲು ನಿಲ್ಲಿಸಿದ ಕಲ್ಲು ಅದು. ಸತ್ತ ಸೈನಿಕನ ನೆನಪಿನ ಕಲ್ಲಿನಲ್ಲಿ ನಮ್ಮ ನಗರದ ಹೆಸರು ಉಳಿದುಕೊಂಡಿದೆ! ಹೆಬ್ಬಾಳದಲ್ಲಿ ಸಿಕ್ಕಿದ ಕಿತ್ತಯ್ಯನ ಕಲ್ಲು ಅದಕ್ಕಿಂತ ಹಳೆಯದು, ಸುಮಾರು ಕ್ರಿ.ಶ. 750ರದು. ಹನ್ನೆರಡು ಶತಮಾನ ದಾಟಿಯೂ ಕಿತ್ತಯ್ಯ ಇನ್ನೂ ಕಿತ್ತಯ್ಯನೇ. ಅವನ ಹೆಸರನ್ನು ಅವನ ಜನ ಅವರ ಅಕ್ಷರದಲ್ಲಿ ಕೆತ್ತಿದ್ದರಿಂದ ತಾನೇ?

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೇ ಶತಮಾನದ ಇನ್ನೊಂದು ಕಲ್ಲು ಸಿಕ್ಕಿತು. ಅದು ಒಂದು ನಾಯಿಯ ನೆನಪಿಗೆ. ಹಂದಿಯ ಜತೆ ಹೋರಾಡಿ ಅದನ್ನು ಕೊಂದು ತಾನೂ ಸತ್ತ ನಾಯಿ. ಅದರ ಹೆಸರು ಕಾಳಿ ಎಂದು ಕಲ್ಲಿನಲ್ಲಿದೆ. ಕಲ್ಲಿನ ಪೂಜೆ ನಡೆದುಕೊಂಡು ಹೋಗಲು ಭೂಮಿಯನ್ನೂ ಬಿಟ್ಟಿದ್ದಾರೆ. ನಾಯಿಗೂ ಹೆಸರು ತಪ್ಪಿಸದ ಜನ ನಮ್ಮ ಹಿರಿಯರು!

ಇನ್ನೊಂದು ವಿಷಯ. ಹಿಂದಿನವರು ಕಲ್ಲು ನೆಟ್ಟು ಕೈತೊಳೆದುಕೊಳ್ಳುತ್ತಿರಲಿಲ್ಲ. ಸತ್ತವನ ಮನೆಗೆ ಭೂಮಿ ಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಎಂಬ ಹೆಸರೇ ಇತ್ತು. ನೆನಪು ಒಂದು ಕೈ, ಅನ್ನ ಇನ್ನೊಂದು ಕೈ. ಎರಡೂ ಕೂಡಿದರೇ ಗೌರವ.

ಈಗಿನ ನಮ್ಮ ಗೌರವ

ಈಗ ನಾವು ಏನು ಮಾಡುತ್ತಿದ್ದೇವೆ? ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಳ್ಳುವ ಮಾತು ಹೇಳುತ್ತೇನೆ, ಕೇಳಿ. ಯೋಧನೊಬ್ಬ ಹುತಾತ್ಮನಾದ ಸುದ್ದಿ ಬಂದ ರಾತ್ರಿ ನಮ್ಮಂಥವರ ಅಂಗಡಿಯ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತದೆ. ಫ್ಲೆಕ್ಸ್ ಬೇಕು, ಬೆಳಗಾಗುವುದರೊಳಗೆ ಬೇಕು. ಡಿಸೈನ್ ಹೇಗೆ? ಬಲಕ್ಕೆ ನಾಯಕರ ಆಳೆತ್ತರದ ಫೋಟೋ, ಕೈಮುಗಿದು ನಗುತ್ತಿರುವುದು. ಕೆಳಗೆ ಹದಿನಾರು ಮರಿನಾಯಕರ ತಲೆಗಳು. ಮೂಲೆಯಲ್ಲಿ ಅಂಚೆ ಸ್ಟಾಂಪಿನಷ್ಟು ಜಾಗದಲ್ಲಿ ಯೋಧ. ‘ಯೋಧನ ಹೆಸರಿನ ಕಾಗುಣಿತ ಸರಿಯಿದೆಯಾ, ಅವರ ಮನೆಯವರನ್ನು ಕೇಳಿದಿರಾ?’ ಎಂದರೆ, ‘ಅದು ಇರಲಿ ಬಿಡಿ, ನಮ್ಮ ಅಣ್ಣನ ಹೆಸರಿನ ಮುಂದೆ ‘ಶ್ರೀ’ ಬಿಟ್ಟುಹೋಗಿದೆ, ಅದನ್ನು ಹಾಕಿ’ ಎನ್ನುತ್ತಾರೆ. ಇದು ಶ್ರದ್ಧಾಂಜಲಿಯೇ? ಸತ್ತವನ ಹೆಗಲ ಮೇಲೆ ಕೂತು ಮೆರವಣಿಗೆ ಹೊರಟ ಹಾಗಲ್ಲವೇ?

ಹತ್ತು ದಿನಕ್ಕೆ ಫ್ಲೆಕ್ಸ್ ಹರಿದು ಯಾರದೋ ಗುಡಿಸಲಿನ ಮಾಡಿಗೆ ಹೋಗುತ್ತದೆ. ಅದೊಂದೇ ಅದರಿಂದ ಆಗುವ ಉಪಕಾರ.

ಸರ್ಕಲ್ಲಿಗೆ ಹೆಸರಿಡುತ್ತಾರೆ. ಒಳ್ಳೆಯದೇ. ಆದರೆ ಆ ಸರ್ಕಲ್ಲಿನ ಬೋರ್ಡಿನಲ್ಲಿ ಹೆಸರಿನ ಪಕ್ಕ ಅವನು ಯಾರು, ಎಲ್ಲಿ ಸತ್ತ, ಯಾಕೆ ಸತ್ತ ಎಂಬ ಎರಡು ಸಾಲು ಇರುವುದಿಲ್ಲ. ದಿನಾ ಆ ದಾರಿಯಲ್ಲಿ ಹೋಗುವ ಹುಡುಗನಿಗೆ ಅದು ಬಸ್ ಸ್ಟಾಪಿನ ಹೆಸರು, ಅಷ್ಟೆ.

ಮರೆತದ್ದು ಒಂದೆರಡಲ್ಲ. ದೆಹಲಿಯ ತೀನ್ ಮೂರ್ತಿ ಎಂಬ ಹೆಸರು ಕೇಳಿದ್ದೀರಿ. ಆ ಮೂರು ಮೂರ್ತಿಗಳು ಯಾರು? ಮೊದಲನೇ ಮಹಾಯುದ್ಧದಲ್ಲಿ ಹೋರಾಡಿದ ಜೋಧಪುರ, ಹೈದರಾಬಾದ್, ಮೈಸೂರು ಸಂಸ್ಥಾನಗಳ ಅಶ್ವದಳಗಳ ಸೈನಿಕರು. ಹೌದು, ಮೂವರಲ್ಲಿ ಒಬ್ಬ ನಮ್ಮ ಮೈಸೂರಿನವನು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದದ್ದು ಜೋಧಪುರದ ಮತ್ತು ಮೈಸೂರಿನ ಲ್ಯಾನ್ಸರುಗಳು. ಜೋಧಪುರದವರು ಊರಿನ ಮೇಲೆ ನುಗ್ಗಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಮೇಲಿದ್ದ ತೋಪುಗಳನ್ನು ಹಿಡಿದರು. ಈಟಿ, ಕತ್ತಿ ಹಿಡಿದ ಕುದುರೆ ಸವಾರರು ಮೆಷಿನ್ ಗನ್ನಿಗೆ ಎದೆ ಕೊಟ್ಟ ಕಾಳಗ ಅದು. ಎಂಟು ಮಂದಿ ಸತ್ತರು, 34 ಮಂದಿ ಗಾಯಗೊಂಡರು, 1,350 ಮಂದಿ ಸೆರೆಸಿಕ್ಕರು. ಹೈಫಾದಲ್ಲಿ ಇಂದಿಗೂ ಆ ದಿನದ ಸ್ಮರಣೆ ನಡೆಯುತ್ತದೆ. 2018ರಲ್ಲಿ ದೆಹಲಿಯ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ್ ಎಂದು ಹೆಸರಿಟ್ಟರು. ಬೆಂಗಳೂರಿನ ಜೆ.ಸಿ. ನಗರದಲ್ಲೇ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ನಿಂತಿದೆ. ಅದರ ಮುಂದೆ ಎಷ್ಟು ಸಲ ಬೈಕಿನಲ್ಲಿ ಹೋಗಿಲ್ಲ ನೀವು? ಒಂದು ಸಲ ಇಳಿದು ನೋಡಿದ್ದೀರಾ?

‘ಅದು ಬ್ರಿಟಿಷರ ಯುದ್ಧ ತಾನೇ?’ ಎನ್ನಬಹುದು. ಹೌದು, ಬ್ರಿಟಿಷರದ್ದೇ. ಯುದ್ಧ ಸರಿಯೋ ತಪ್ಪೋ ಎಂದು ನೀವು ಎಷ್ಟು ಬೇಕಾದರೂ ವಾದ ಮಾಡಿ. ಆದರೆ ಯುದ್ಧಕ್ಕೆ ಕಳಿಸಿದವನು ಬೇರೆ, ಹೋದವನು ಬೇರೆ. ಹೋದವನ ಮನೆಯಲ್ಲಿ ದೀಪ ಆರಿದ್ದು ಸುಳ್ಳಲ್ಲ. ಅವನನ್ನು ನೆನೆಯುವುದೆಂದರೆ ಯುದ್ಧಕ್ಕೆ ಜೈಕಾರ ಹಾಕುವುದಲ್ಲ. ಇಂಥವನೊಬ್ಬ ನಮ್ಮಲ್ಲಿದ್ದ ಎಂದು ಹೇಳುವುದು.

ತಡವಾದರೂ ತಿದ್ದಬಹುದು

ದೇಶ ತಪ್ಪು ತಿದ್ದಿಕೊಂಡ ಉದಾಹರಣೆಯೂ ಇದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದವರು ಮರಳಲಿಲ್ಲ. ಅವರದು ಹಳೆಯ ಮಿಸ್ಟೇರ್ ವಿಮಾನ. ಎದುರಾದದ್ದು ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್. ಅದನ್ನು ಹೊಡೆದುರುಳಿಸಿ ಪ್ರಾಣ ಬಿಟ್ಟರು. ಆದರೆ ನಮ್ಮ ಕಡೆ ಅದನ್ನು ಕಂಡವರಿಲ್ಲ. ವರ್ಷಗಳ ಮೇಲೆ ವಿದೇಶಿ ಲೇಖಕನೊಬ್ಬ ಪಾಕಿಸ್ತಾನದ ಕಡೆಯ ಕಥೆ ಬರೆದಾಗ ನಿಜ ಹೊರಬಂತು. 1988ರಲ್ಲಿ, ಸತ್ತ 23 ವರ್ಷದ ನಂತರ, ಅವರಿಗೆ ಮಹಾವೀರ ಚಕ್ರ ಕೊಟ್ಟರು.

ಇಪ್ಪತ್ತಮೂರು ವರ್ಷದ ಮೇಲೂ ತಿದ್ದಬಹುದಾದರೆ, ಒಂದು ಹೆಸರಿನ ಕಾಗುಣಿತ ತಿದ್ದಲು ಆಗುವುದಿಲ್ಲವೇ? ಆಗುತ್ತದೆ. ಬೇಕಾದದ್ದು ಮನಸ್ಸು, ಮತ್ತೆ ನಾಲ್ಕು ಜನ ಹುಡುಗರು.

ಅದಕ್ಕೇ ಮೂರು ಮಾತು ಕೇಳುತ್ತೇನೆ.

ಮೊದಲನೆಯದು ಸರ್ಕಾರಕ್ಕೆ. ಕರ್ನಾಟಕದಿಂದ ಹೋಗಿ ಪ್ರಾಣ ಕೊಟ್ಟ ಪ್ರತಿಯೊಬ್ಬ ಸೈನಿಕನ ಹೆಸರು, ಊರು, ತಾಲೂಕು, ಸತ್ತ ಜಾಗ, ದಿನಾಂಕ, ಇಷ್ಟನ್ನೂ ಕನ್ನಡದಲ್ಲಿ ಒಂದು ಪುಸ್ತಕ ಮಾಡಿ. ಅಚ್ಚಿಗೆ ಹೋಗುವ ಮೊದಲು ಪ್ರತಿ ಹೆಸರಿನ ಪ್ರೂಫನ್ನು ಅವರ ಮನೆಗೆ ಕಳಿಸಿ. ನಮ್ಮಲ್ಲಿ ಸೈನಿಕ ಕಲ್ಯಾಣ ಇಲಾಖೆ ಇದೆ, ಜಿಲ್ಲೆಗಳಲ್ಲಿ ಕಚೇರಿಗಳಿವೆ. ಇದೇನು ಬೆಟ್ಟ ಅಗೆಯುವ ಕೆಲಸವಲ್ಲ. ಪುಸ್ತಕ ಪ್ರತಿ ಸರ್ಕಾರಿ ಶಾಲೆಯಲ್ಲಿ, ಪ್ರತಿ ಗ್ರಂಥಾಲಯದಲ್ಲಿ ಇರಲಿ. ದೆಹಲಿಯ ಸ್ಮಾರಕದ ದಾಖಲೆಯಲ್ಲಿ ಪ್ರತಿ ಸೈನಿಕನ ಹೆಸರು ಅವನ ತಾಯಿಯ ನುಡಿಯ ಲಿಪಿಯಲ್ಲೂ ಇರಲಿ ಎಂದು ನಮ್ಮ ಸಂಸದರು ಎದ್ದು ನಿಂತು ಕೇಳಲಿ.

ಎರಡನೆಯದು ಊರಿನವರಿಗೆ. 2023ರ ಆಗಸ್ಟಿನಲ್ಲಿ ‘ಮೇರಿ ಮಾಟಿ ಮೇರಾ ದೇಶ್’ ಎಂದು ದೇಶದ ಪಂಚಾಯಿತಿಗಳಲ್ಲಿ ಶಿಲಾಫಲಕ ನೆಡುವ ಕಾರ್ಯಕ್ರಮ ನಡೆಯಿತು. ಕನ್ನಡದಲ್ಲಿ ‘ನನ್ನ ಮಣ್ಣು ನನ್ನ ದೇಶ’ ಎಂದರು. ನಿಮ್ಮ ಅಪ್ಪ, ಅಜ್ಜ ಬಿಟ್ಟುಬಂದ ಊರಿಗೆ ಮುಂದಿನ ಹಬ್ಬಕ್ಕೆ ಹೋದಾಗ ಆ ಫಲಕ ಇದೆಯಾ ನೋಡಿ. ಊರಿನ ಸೈನಿಕನ ಹೆಸರು ಅದರಲ್ಲಿದೆಯಾ? ಕಾಗುಣಿತ ಸರಿಯಿದೆಯಾ? ಇಲ್ಲದಿದ್ದರೆ ಪಂಚಾಯಿತಿಗೆ ಅರ್ಜಿ ಬರೆಯಿರಿ. ಬರೆಯಲು ಬಾರದಿದ್ದರೆ ನನ್ನಂಥ ಪ್ರೆಸ್ಸಿನವನ ಹತ್ತಿರ ಹೋಗಿ, ಬರೆದುಕೊಡುತ್ತಾನೆ.

ಮೂರನೆಯದು ನಿಮಗೆ, ಗೆಳೆಯರೇ. ಡಿಸೆಂಬರ್ 7 ಧ್ವಜ ದಿನ. 1949ರಿಂದ ನಡೆದು ಬಂದಿದೆ. ಅಂದು ಸಂಗ್ರಹವಾಗುವ ಹಣ ಸೈನಿಕರ, ಅವರ ಕುಟುಂಬದವರ ಕಲ್ಯಾಣಕ್ಕೆ. ಒಂದು ಸಿನಿಮಾದ ದುಡ್ಡು ಹಾಕಿ. ನೆನಪಿನ ಕೈ ಒಂದೇ ಸಾಲದು, ಅನ್ನದ ಕೈಯೂ ಬೇಕು ಎಂದೆನಲ್ಲ, ಅದು ಇದೇ. ಮತ್ತೆ ಒಂದು ಭಾನುವಾರ ನಾಲ್ಕು ಜನ ಕೂಡಿಕೊಂಡು ಹೊರಡಿ. ಮೊದಲು ಬೇಗೂರಿನ ಕಲ್ಲು ನೋಡಿ. ಅಲ್ಲಿಂದ ಜೆ.ಸಿ. ನಗರಕ್ಕೆ ಬನ್ನಿ. ಆಮೇಲೆ ನೆಹರು ತಾರಾಲಯದ ಹತ್ತಿರ ಇರುವ ಸೈನಿಕ ಸ್ಮಾರಕಕ್ಕೆ ಹೋಗಿ. ಅಲ್ಲಿ 75 ಅಡಿ ಎತ್ತರದ ಒಂದೇ ಕಲ್ಲಿನ ವೀರಗಲ್ಲು ನಿಲ್ಲಿಸಿದ್ದಾರೆ. ಅದರ ಎತ್ತರ ನೋಡಿ ಸೆಲ್ಫಿ ತೆಗೆದುಕೊಂಡು ಬರಬೇಡಿ. ಕಲ್ಲುಗಳ ಮೇಲಿನ ಹೆಸರುಗಳನ್ನು ಬಾಯಿಬಿಟ್ಟು ಓದಿ. ನಮ್ಮವನೊಬ್ಬನ ಹೆಸರು ಸಿಕ್ಕರೆ, ಅವನ ಮನೆಯಲ್ಲಿ ಅದನ್ನು ಹೇಗೆ ಕೂಗುತ್ತಿದ್ದರು ಎಂದು ಯೋಚಿಸಿ.

ಆ ಇನ್ನೂರು ತಪ್ಪು ಕಾರ್ಡುಗಳಲ್ಲಿ ಒಂದನ್ನು ಅಪ್ಪ ಇಟ್ಟುಕೊಂಡಿದ್ದರು. ಟ್ರೆಡಲ್ ಹೋಗಿ ಆಫ್‌ಸೆಟ್ ಬಂತು, ಮೊಳೆ ಹೋಗಿ ಕಂಪ್ಯೂಟರ್ ಬಂತು, ಅಪ್ಪನೂ ಹೋದರು. ಆ ಕಾರ್ಡು ಇವತ್ತೂ ನನ್ನ ಮೇಜಿನ ಗಾಜಿನ ಕೆಳಗಿದೆ. ಯಾರಾದರೂ ಹೆಸರು ಹೇಳಿ ಆರ್ಡರ್ ಕೊಟ್ಟರೆ ಅದನ್ನೊಮ್ಮೆ ನೋಡಿ, ‘ಇನ್ನೊಂದು ಸಲ ಹೇಳಿ ಸಾರ್’ ಎಂದು ಕೇಳುತ್ತೇನೆ.

ದೇಶವೂ ಅಷ್ಟು ಮಾಡಲಿ. ಇನ್ನೊಂದು ಸಲ ಕೇಳಲಿ.